ಆರು ಪೆಟ್ಟಿಗೆ ಸಾಮಾನು, ಒಂದೇ ಶೋಕೇಸು

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಮೈಸೂರಿನ ಮನೆ ಮಾರಿ, ಅತ್ತೆ ಬೆಂಗಳೂರಿನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದಿದ್ದಾರೆ. ಜೊತೆಗೆ ಆರು ಪೆಟ್ಟಿಗೆ ಸಾಮಾನು. ದಸರಾ ಗೊಂಬೆ, ಬೀದರಿನ ಹೂಜಿ, ಚನ್ನಪಟ್ಟಣದ ಆಟಿಕೆ, ಹಿತ್ತಾಳೆ ದೀಪಗಳು, ಮಾವನವರ ನಿವೃತ್ತಿಗೆ ಕೊಟ್ಟ ಫಲಕಗಳು. ದಸರಾ ಗೊಂಬೆ ಬಿಟ್ಟು ಉಳಿದದ್ದೆಲ್ಲಾ ಹಾಲ್‌ನಲ್ಲೇ ಇರಬೇಕಂತೆ. ನನಗೆ ಖಾಲಿ ಗೋಡೆ ಇಷ್ಟ. ಯಜಮಾನರು ಮೊಬೈಲ್‌ನಿಂದ ತಲೆ ಎತ್ತಲ್ಲ. ಕಿವಿ ಮುರಿದ ಒಂದು ಪಿಂಗಾಣಿ ನಾಯಿಯನ್ನು ನಾನು ಹೇಳದೆ ಕಸಕ್ಕೆ ಹಾಕಿದೆ. ಅತ್ತೆ ಅದನ್ನು ಹುಡುಕುತ್ತಿದ್ದಾರೆ, ನಾನು ಬಾಯಿ ಬಿಟ್ಟಿಲ್ಲ. ಎಷ್ಟು ಹೊರಗಿಟ್ಟರೆ ಸರಿ?

ಉತ್ತರ: ಮೊದಲು ಆ ನಾಯಿ ವಿಷಯ ಮುಗಿಸಿ. ಇವತ್ತೇ. "ಅತ್ತೆ, ಕಿವಿ ಮುರಿದಿತ್ತು, ಎಸೆದುಬಿಟ್ಟೆ, ನಿಮ್ಮನ್ನ ಕೇಳಬೇಕಿತ್ತು, ತಪ್ಪಾಯ್ತು." ಅಷ್ಟು ಸಾಕು. ಬೈದರೆ ಬೈಸಿಕೊಳ್ಳಿ. ಅವರಾಗಿಯೇ ಪತ್ತೆ ಮಾಡಿದರೆ ಮುಂದೆ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ನಿಮ್ಮ ಮೇಲೇ ಅನುಮಾನ.

ಇನ್ನು ಎಷ್ಟು ಅನ್ನೋದು. ನನ್ನನ್ನು ಕೇಳಿದರೆ, ಒರೆಸೋರು ಯಾರೋ ಅವರ ಕೈಗೆ ಆಗುವಷ್ಟು. ನನಗೂ ಒಂದು ಕಾಲಕ್ಕೆ ಆನೆ ಕೂಡಿಡುವ ಹುಚ್ಚಿತ್ತು, ನಲವತ್ತೊಂದು ಇದ್ದವು, ಒಂದೊಂದನ್ನೂ ಎತ್ತಿ, ಸೊಂಡಿಲ ಸಂದಿಯ ದೂಳು ತೆಗೆದು, ಮತ್ತೆ ಅಲ್ಲೇ ಇಡುವಷ್ಟರಲ್ಲಿ ಭಾನುವಾರದ ತಿಂಡಿ ಊಟವಾಗುತ್ತಿತ್ತು. ಈಗ ಹೊರಗಿರೋದು ಐದು. ತಮಾಷೆ ಅಂದರೆ, ಬಂದವರು "ಅರೆ, ಆನೆ ಚೆನ್ನಾಗಿದೆ" ಅನ್ನೋದು ಈಗಲೇ. ನಲವತ್ತೊಂದು ಇದ್ದಾಗ ಯಾರಿಗೂ ಒಂದೂ ಕಾಣುತ್ತಿರಲಿಲ್ಲ.

ಜಾಸ್ತಿ ಇಟ್ಟರೆ ಇನ್ನೊಂದು ಕಷ್ಟವಿದೆ. ಎಲ್ಲವನ್ನೂ ಒಂದೇ ಅವಸರದಲ್ಲಿ ಉಜ್ಜಿಬಿಡುತ್ತೇವೆ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಸರಿ. ಅದೇ ಕೈಯಲ್ಲಿ ಬೀದರಿನ ಹೂಜಿಯನ್ನೂ ತಿಕ್ಕಿದಿರೋ, ಕೆಟ್ಟಿತು. ಅದು ಸತುವಿಗೆ ತಾಮ್ರ ಬೆರೆಸಿ ಮಾಡಿದ್ದು, ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಉಪ್ಪು ಹಾಕಿ ಕಪ್ಪು ಬರಿಸಿರುತ್ತಾರೆ, ಅದರಲ್ಲಿ ಕೂರಿಸಿದ ಬೆಳ್ಳಿ ಎದ್ದು ಕಾಣೋದೇ ಆ ಕಪ್ಪಿನಿಂದ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಚನ್ನಪಟ್ಟಣದ ಆಟಿಕೆಗೆ ಅರಗಿನ ಬಣ್ಣ, ಬಿಸಿಲು ಹೊಡೆಯುವ ಕಿಟಕಿ ಪಕ್ಕ ಇಡಬೇಡಿ.

ಆದರೆ ಈ ಮಾತನ್ನೆಲ್ಲಾ ನೀವು ಹೋಗಿ ಅತ್ತೆಗೆ ಪಾಠ ಮಾಡಬೇಕಿಲ್ಲ. ಮೈಸೂರಿನವರು, ಗೊಂಬೆ ಕೂರಿಸುವವರು, ಅವರಿಗೆ ಗೊತ್ತಿರೋದೇ ಇದು. ಪಾಡ್ಯದ ದಿನ ಪಟ್ಟದ ಗೊಂಬೆ ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಮೂರೋ ಐದೋ ಏಳೋ ಮೆಟ್ಟಿಲು, ಜಾಗ ಎಷ್ಟಿದೆಯೋ ಅಷ್ಟು. ವಿಜಯದಶಮಿ ರಾತ್ರಿ ಮಲಗಿಸಿ, ಹಳೇ ಪಂಚೆಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಗೆ. ವರ್ಷದಲ್ಲಿ ಹತ್ತು ದಿನ ಬಿಟ್ಟರೆ ರಾಜಾ ರಾಣಿ ಕತ್ತಲಲ್ಲೇ ಇರುತ್ತಾರೆ, ಯಾರೂ ಅದನ್ನು ಅವಮಾನ ಅನ್ನಲ್ಲ, ಅಲ್ವಾ? ಉಳಿದ ಸಾಮಾನಿಗೂ ಅದೇ ಮಾಡಿ. ಶೋಕೇಸಿನ ಎರಡು ಹಲಗೆ ಅತ್ತೆಗೆ ಬಿಟ್ಟುಕೊಡಿ. ಸಂಕ್ರಾಂತಿಗೆ ಒಂದಷ್ಟು, ಯುಗಾದಿಗೆ ಬೇರೆ, ಗೌರಿ ಹಬ್ಬಕ್ಕೆ ಇನ್ನೊಂದಷ್ಟು. ಆರಿಸೋರು ಅವರೇ. ನೀವು "ಜಾಗ ಇಲ್ಲ" ಅನ್ನುವ ಬದಲು "ಯುಗಾದಿಗೆ ಯಾವುದು ತೆಗೆಯೋಣ ಅತ್ತೆ?" ಅಂತ ಕೇಳಿ. ಅವರು ಇಟ್ಟಿದ್ದನ್ನು ಆಮೇಲೆ ಸುಮ್ನೆ ಒಂದು ಇಂಚು ಆ ಕಡೆ ಈ ಕಡೆ ಸರಿಸಲು ಹೋಗಬೇಡಿ. ಕಣ್ಣಿಗೆ ಬಿದ್ದೇ ಬೀಳುತ್ತದೆ.

ಎಲ್ಲವನ್ನೂ ಅವರ ರೂಮಿಗೆ ತಳ್ಳಿ ಹಾಲ್ ಖಾಲಿ ಮಾಡಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಡೀ ಮನೆ ಬಿಟ್ಟು ಬಂದವರಿಗೆ ಗೋಡೌನಿನಲ್ಲಿ ಮಲಗಿ ಅಂದ ಹಾಗಾಗುತ್ತದೆ. ಮಾವನವರ ಫಲಕಗಳಲ್ಲಿ ಒಂದು ಮಾತ್ರ, ಅವರಿಗೆ ಬೇಕಾದದ್ದು, ಮಂಚದ ಎದುರಿಗೆ ಇರಲಿ. ಅದು ಹಾಲ್‌ನಲ್ಲೇ ಬೇಕು ಅಂದರೆ ಹಾಲ್‌ನಲ್ಲೇ ಇಡಿ, ಇದೊಂದಕ್ಕೆ ವಾದ ಬೇಡ. ಬೇರೆ ಫಲಕಗಳ ಫೋಟೋ ತೆಗೆದಿಟ್ಟುಕೊಳ್ಳಿ, ಎಸೆಯೋ ಮಾತು ಸದ್ಯಕ್ಕೆ ಎತ್ತಬೇಡಿ.

ನಿಮಗೂ ಒಂದು ಗೋಡೆ ಬೇಕು, ಅದನ್ನು ಬಾಯಿಬಿಟ್ಟು ಕೇಳಿ. "ಈ ಗೋಡೆ ಹೀಗೇ ಖಾಲಿ ಇದ್ದರೆ ಆಫೀಸಿಂದ ಬಂದಾಗ ನನಗೆ ಹಾಯೆನಿಸುತ್ತೆ ಅತ್ತೆ" ಅಂತ. ಒಂದು ಕ್ಯಾಲೆಂಡರ್ ಕೂಡ ಬೇಡ ಅನ್ನಿ. ಎರಡು ಹಲಗೆ ಕೊಟ್ಟವರಿಗೆ ಒಂದು ಗೋಡೆ ಸಿಗದೆ ಇರಲ್ಲ.

ಇನ್ನು ಪೆಟ್ಟಿಗೆ ಮೇಲೆ ಒಳಗೇನಿದೆ ಅಂತ ದೊಡ್ಡದಾಗಿ ಬರೆದು ಅಂಟಿಸಿ. ಹಬ್ಬಕ್ಕೊಮ್ಮೆ ಅವನ್ನು ಸಜ್ಜಾದಿಂದ ಇಳಿಸಿ ಹತ್ತಿಸುವ ಕೆಲಸ ಯಜಮಾನರದ್ದು. ಎರಡೂ ಕೈ ಬೇಕಾಗುತ್ತೆ, ಮೊಬೈಲ್ ಕೆಳಗಿಟ್ಟೇ ಬರಲಿ.