ಹಿತ್ತಾಳೆ ಕೇಸಿನ ಉದ್ದ: ಯಾವಾಗ ಅಳೆಯಬೇಕು, ಎಷ್ಟು ಕತ್ತರಿಸಬೇಕು?

ಪ್ರಶ್ನೆ: .308 ವಿಂಚೆಸ್ಟರ್ ರೈಫಲ್ ತೋಟೆಯ ಕೇಸ್‌ಗಳನ್ನು (ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ) ನಾನೇ ಮನೆಯಲ್ಲಿ ರೀಲೋಡ್ ಮಾಡುತ್ತೇನೆ, ಅಂದರೆ ಮತ್ತೆ ಮದ್ದು, ಗುಂಡು ತುಂಬುತ್ತೇನೆ, ಪರವಾನಗಿ ಇದೆ. ಹಾರಿಸಿದ ಕೇಸ್ ಅಳೆದಾಗ 2.011 ಇಂಚು ಬಂತು. ಗರಿಷ್ಠ 2.015 ಅಲ್ವಾ, ಹಾಗಾಗಿ ಟ್ರಿಮ್ ಮಾಡದೆ (ಬಾಯಿ ಕತ್ತರಿಸದೆ), ಡೈ ಎಂಬ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಅಂದರೆ ರೀಸೈಜ್ ಮಾಡಿ ತುಂಬಿದೆ. ಈಗ ರೈಫಲ್‌ನ ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಅಗುಳಿ) ಬಿಗಿಯಾಗಿ ಮುಚ್ಚುತ್ತಿದೆ. ಸ್ವಲ್ಪ ಒತ್ತಿ ಮುಚ್ಚಿ ಹಾರಿಸಬಹುದಾ?

ಉತ್ತರ: ಬೇಡ, ದಯವಿಟ್ಟು ಹಾರಿಸಬೇಡಿ. ಆ ತೋಟೆಗಳನ್ನು ಪಕ್ಕಕ್ಕಿಡಿ. ಬುಲೆಟ್ ಪುಲ್ಲರ್‌ನಿಂದ ಗುಂಡು ತೆಗೆದು ಕೇಸ್‌ಗಳನ್ನು ಮತ್ತೆ ಅಳೆಯಿರಿ.

ನೀವು ಅಳೆದದ್ದು ರೀಸೈಜ್ ಮಾಡುವ ಮೊದಲು. ಎಡವಟ್ಟಾಗಿದ್ದು ಅಲ್ಲೇ. ಹಾರಿಸಿದಾಗ ಉಬ್ಬಿದ ಹಿತ್ತಾಳೆಯನ್ನು ಡೈ ಸುತ್ತಲಿಂದ ಹಿಂಡುತ್ತದೆ, ಹಿಂಡಿದ ಲೋಹ ಎಲ್ಲಾದರೂ ಹೋಗಲೇಬೇಕು, ಅದು ಕತ್ತಿನ (ಗುಂಡು ಕೂರುವ ಕಿರಿದಾದ ಭಾಗದ) ಕಡೆಗೆ ಸರಿಯುತ್ತದೆ; ಸಾಲದ್ದಕ್ಕೆ ಹೊರಗೆ ಬರುವಾಗ ಡೈ ಒಳಗಿನ ಎಕ್ಸ್‌ಪ್ಯಾಂಡರ್ ಬಾಲ್ (ಕತ್ತನ್ನು ಒಳಗಿಂದ ಹಿಗ್ಗಿಸುವ ಉಂಡೆ) ಕತ್ತನ್ನು ಇನ್ನೊಂದಿಷ್ಟು ಎಳೆಯುತ್ತದೆ. ಡೈಗೆ ಹೋಗುವಾಗ 2.011 ಇದ್ದದ್ದು ಹೊರಗೆ ಬರುವಾಗ 2.015 ದಾಟಿದ್ದರೆ ಆಶ್ಚರ್ಯವಿಲ್ಲ. ಕೇಸ್ ಉದ್ದವಾದರೆ ಅದರ ಬಾಯಿ ಚೇಂಬರಿನ (ರೈಫಲ್‌ನಲ್ಲಿ ತೋಟೆ ಕೂರುವ ಜಾಗದ) ತುದಿಗೆ ಸಿಕ್ಕಿ ಗುಂಡನ್ನು ಅಪ್ಪಿ ಹಿಡಿಯುತ್ತದೆ. ಹಾರಿಸುವ ಕ್ಷಣದಲ್ಲಿ ಕತ್ತು ಅಗಲವಾಗಿ ಗುಂಡನ್ನು ಬಿಡಬೇಕು, ಬಿಡೋಕೆ ಜಾಗವೇ ಇಲ್ಲದಿದ್ದರೆ ಒತ್ತಡ ವಿಪರೀತ ಏರುತ್ತದೆ. ನಿಮ್ಮ ಮುಖ ಇರೋದು ಬೋಲ್ಟ್‌ನ ಹಿಂದೆಯೇ.

ಆದರೆ ಬೋಲ್ಟ್ ಬಿಗಿಯಾಗಲು ಇನ್ನೊಂದು ಕಾರಣವೂ ಇರಬಹುದು: ಡೈ ಕೇಸಿನ ಭುಜವನ್ನು (ಕತ್ತಿನ ಕೆಳಗೆ ಅಗಲವಾಗುವ ಇಳಿಜಾರು) ಸಾಕಷ್ಟು ಹಿಂದಕ್ಕೆ ತಳ್ಳದೇ ಇರೋದು. ಯಾವುದು ಅಂತ ತಿಳಿಯೋಕೆ, ರೀಸೈಜ್ ಮಾಡಿದ ಖಾಲಿ ಕೇಸ್ ಒಂದನ್ನು ತೆಗೆದುಕೊಳ್ಳಿ. ಮದ್ದೂ ಇರಬಾರದು, ಅದನ್ನು ಹೊತ್ತಿಸುವ ಪ್ರೈಮರೂ ಇರಬಾರದು. ಬಾಯಿಯ ಅಂಚಿಗೂ ಭುಜಕ್ಕೂ ಕಪ್ಪು ಮಾರ್ಕರ್ ಬಳಿದು, ಮೆಲ್ಲಗೆ ಬೋಲ್ಟ್ ಮುಚ್ಚಿ ತೆಗೆಯಿರಿ. ಅಂಚಿನಲ್ಲಿ ಮಸಿ ಕಿತ್ತು ಹಿತ್ತಾಳೆ ಹೊಳೆದರೆ ಉದ್ದ ಜಾಸ್ತಿ. ಭುಜದಲ್ಲಿ ಕಿತ್ತಿದ್ದರೆ ಡೈ ಸೆಟ್ಟಿಂಗ್ ಸರಿಮಾಡಬೇಕು, ಎಷ್ಟು ಟ್ರಿಮ್ ಮಾಡಿದರೂ ಅದು ಹೋಗಲ್ಲ.

ಇನ್ನು ಮುಂದೆ ಮೊದಲು ರೀಸೈಜ್, ಅದಕ್ಕೆ ಹಚ್ಚಿದ ಲ್ಯೂಬ್ (ಜಾರು ಎಣ್ಣೆ) ಒರೆಸಿ ಆಮೇಲೆ ಅಳತೆ. .308ಕ್ಕೆ 2.005 ಇಂಚಿಗೆ ಟ್ರಿಮ್ ಮಾಡೋದು ರೂಢಿ, .223 ರೆಮಿಂಗ್ಟನ್ ಆದರೆ ಗರಿಷ್ಠ 1.760, ಟ್ರಿಮ್ 1.750. ಪ್ರತಿ ಸಲ ಕತ್ತರಿಸಬೇಕಿಲ್ಲ, ಪ್ರತಿ ಸಲ ಅಳೆಯಲೇಬೇಕು. ಟ್ರಿಮ್ಮರಿನ ಪೈಲಟ್ (ಕೇಸನ್ನು ನೇರವಾಗಿ ಹಿಡಿಯುವ ಕಡ್ಡಿ) ಕತ್ತಿನೊಳಗೆ ಕೂರುವ ಮಾದರಿಯಾದರೆ ರೀಸೈಜ್ ಮೊದಲು ಮಾಡಲು ಅದೂ ಒಂದು ಕಾರಣ: ಅಗಲವಾದ ಕತ್ತಿನಲ್ಲಿ ಪೈಲಟ್ ಅಲ್ಲಾಡಿ ಬಾಯಿ ಓರೆಯಾಗಿ ಕತ್ತರಿಸುತ್ತದೆ.

ಟ್ರಿಮ್ ಆದ ಅಂಚನ್ನು ಬೆರಳಿಂದ ಸವರಿ ನೋಡಿ, ಗರಗರ ಅನ್ನುತ್ತದೆ. ಹಾಗೇ ಬಿಟ್ಟರೆ ಗುಂಡು ಕೂರಿಸುವಾಗ ಅದರ ತಾಮ್ರದ ಹೊದಿಕೆ ಕೆರೆದು ಬರುತ್ತದೆ. ಒಳಗೂ ಹೊರಗೂ ಅಂಚು ಸವೆಸುವ ಚ್ಯಾಂಫರ್ ಉಪಕರಣ ಎರಡು ಸುತ್ತು ತಿರುಗಿಸಿದರೆ ಸಾಕು. ಚಾಕುವಿನಂತೆ ಹರಿತ ಮಾಡಬೇಡಿ, ಅಂಚು ತೆಳುವಾಗುತ್ತದೆ. ಒಳಗೆ ಬಿದ್ದ ಹಿತ್ತಾಳೆ ಚೂರನ್ನು ತಟ್ಟಿ ಬೀಳಿಸಿ, ಬಾಯಿಂದ ಊದಬೇಡಿ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಇನ್ನೊಬ್ಬ ಓದುಗರು .45 ಎಸಿಪಿ ಪಿಸ್ತೂಲ್ ಕೇಸ್‌ಗೂ ಇದೆಲ್ಲ ಬೇಕಾ ಅಂತ ಕೇಳಿದ್ದಾರೆ. ಸಾಮಾನ್ಯವಾಗಿ ಬೇಡ. ಅದು ಬಳಸಿದಷ್ಟೂ ಉದ್ದವಾಗುವ ಬದಲು ಕೊಂಚ ಗಿಡ್ಡವಾಗುತ್ತದೆ. ಮೇಲಾಗಿ ಚೇಂಬರಿನಲ್ಲಿ ಅದು ನಿಲ್ಲೋದೇ ಬಾಯಿಯ ಅಂಚಿನ ಮೇಲೆ, ಸುಮ್ನೆ ಕತ್ತರಿಸಿದರೆ ಆ ಆಧಾರವೇ ಕಡಿಮೆಯಾಗುತ್ತದೆ.

ರೈಫಲ್ ಕೇಸಿಗೆ ಮರಳಿದರೆ, ನೀವು ಬಾಯಲ್ಲಿ ಕತ್ತರಿಸಿದ ಲೋಹ ಬಂದದ್ದು ಕೆಳಗಿನ ಗೋಡೆಯಿಂದ. ಒಂದೇ ಕೇಸನ್ನು ಮತ್ತೆ ಮತ್ತೆ ಟ್ರಿಮ್ ಮಾಡುತ್ತಿದ್ದೀರಿ ಅಂದರೆ ಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತಿದೆ ಅಂತಲೇ ಅರ್ಥ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ತುದಿಯನ್ನು ಚೂರು ಬಗ್ಗಿಸಿ, ಒಳಗೆ ಬಿಟ್ಟು ಗೋಡೆಗೆ ತಾಗಿಸಿ ಬುಡದಿಂದ ಮೇಲಕ್ಕೆ ಎಳೆಯಿರಿ. ಎಲ್ಲಾದರೂ ಗುಂಡಿಯಲ್ಲಿ ಸಿಕ್ಕಿದಂತಾದರೆ, ಅಥವಾ ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೆ, ಆ ಕೇಸಿನ ಬಾಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿಗೆ ಹಾಕಿ. ಆಗ ಅದು ಮತ್ತೆ ಒಳ್ಳೆ ಕೇಸ್‌ಗಳ ಜೊತೆ ಸೇರಿಕೊಳ್ಳುವುದಿಲ್ಲ.