ಆದಿತ್ಯ-ಎಲ್1ರ ಕಾಂತಮಾಪಕಕ್ಕೆ ಆರು ಮೀಟರ್ ಉದ್ದದ ತೋಳು ಏಕೆ ಬೇಕಾಯಿತು?

ಸೂರ್ಯನನ್ನು ಅಧ್ಯಯನ ಮಾಡುವ ಭಾರತದ ನೌಕೆ ಆದಿತ್ಯ-ಎಲ್1ರಲ್ಲಿ ಕಾಂತಮಾಪಕವನ್ನು (ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವನ್ನು) ಹೊತ್ತ ತೋಳು ಅಷ್ಟು ಉದ್ದವಿರುವುದೇಕೆ, ಸೌರ ಮಾರುತದ, ಅಂದರೆ ಸೂರ್ಯನಿಂದ ಹರಿದುಬರುವ ಪ್ರವಾಹದ, ಕಣಗಳನ್ನು ಅಳೆಯಲು ಒಂದೇ ಉಪಕರಣ ಸಾಲದೇ ಎಂದು ಕೇಳಿದ್ದೀರಿ. ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನನಗೆ ಇದು ಬಹಳ ಪ್ರಿಯವಾದ ವಿಷಯವಾದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೇಜಿನ ಮೇಲೆ ದಿಕ್ಸೂಚಿಯನ್ನಿಟ್ಟು, ಮುಳ್ಳು ನಿಂತ ಮೇಲೆ ಮೊಬೈಲನ್ನು ಮೆಲ್ಲಗೆ ಅದರ ಬಳಿಗೆ ತನ್ನಿ. ಸ್ಪೀಕರಿನೊಳಗಿನ ಪುಟ್ಟ ಅಯಸ್ಕಾಂತಕ್ಕೇ ಮುಳ್ಳು ತಿರುಗಿಬಿಡುತ್ತದೆ. ಬೆಂಗಳೂರಿನಲ್ಲಿ ಆ ಮುಳ್ಳನ್ನು ಹಿಡಿದು ನಿಲ್ಲಿಸಿರುವ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಮಾನ). ಇಲ್ಲಿಂದ 15 ಲಕ್ಷ ಕಿ.ಮೀ. ಆಚೆ, ಸೂರ್ಯನ ದಿಕ್ಕಿನಲ್ಲಿ ನೌಕೆ ನೆಲೆಸಿರುವ ಎಲ್1 ಎಂಬ ಬಿಂದುವಿನ ಬಳಿ, ಸೌರ ಮಾರುತ ಹೊತ್ತು ತರುವ ಕ್ಷೇತ್ರವಾದರೋ ಸಾಮಾನ್ಯ ದಿನಗಳಲ್ಲಿ ಐದಾರು ನ್ಯಾನೋಟೆಸ್ಲಾ ಮಾತ್ರ. ನೌಕೆಯ ತಂತಿಗಳಲ್ಲಿ ಹರಿಯುವ ವಿದ್ಯುತ್ತು ಮತ್ತು ಅದರ ಮೋಟಾರುಗಳ ಕಾಂತತ್ವ ಇಷ್ಟು ಕ್ಷೀಣವಾದ ಕ್ಷೇತ್ರವನ್ನು ಸುಲಭವಾಗಿ ಮುಚ್ಚಿಹಾಕಬಲ್ಲವು.

ಆದ್ದರಿಂದ ಬೆಂಗಳೂರಿನಲ್ಲೇ ಸಿದ್ಧವಾದ ಎರಡು ಫ್ಲಕ್ಸ್‌ಗೇಟ್ ಎಂಬ ಬಗೆಯ ಕಾಂತಮಾಪಕಗಳನ್ನು ತೋಳಿನ ಮೇಲೆ ನೌಕೆಯಿಂದ 3 ಮೀಟರ್ ಮತ್ತು 6 ಮೀಟರ್ ದೂರದಲ್ಲಿ ಕೂರಿಸಿದ್ದಾರೆ. ಎರಡು ಏಕೆ ಎಂಬುದರಲ್ಲೇ ಇದರ ಸೊಗಸಿದೆ. ನೌಕೆಯನ್ನು ಒಂದು ಪುಟ್ಟ ಅಯಸ್ಕಾಂತವೆಂದು ಭಾವಿಸಿದರೆ ಅದರ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ 6 ಮೀಟರಿನಲ್ಲಿ ಅದು 3 ಮೀಟರಿನಲ್ಲಿದ್ದುದರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಬಾಹ್ಯಾಕಾಶದ ಕ್ಷೇತ್ರ ಎರಡೂ ಕಡೆ ಒಂದೇ ಆಗಿರುತ್ತದೆ. ಹಾಗಾಗಿ ಎರಡು ಅಳತೆಗಳ ವ್ಯತ್ಯಾಸವನ್ನು ಏಳರಿಂದ (ಎಂಟು ಪಾಲಿನಲ್ಲಿ ಒಂದು ಕಳೆದರೆ ಏಳು) ಭಾಗಿಸಿದರೆ ತುದಿಯ ಮಾಪಕಕ್ಕೆ ತಟ್ಟಿದ ನೌಕೆಯ ಪಾಲು ಸಿಗುತ್ತದೆ, ಅದನ್ನು ಕಳೆದುಬಿಡಬಹುದು. ಉಡಾವಣೆಯ ನಂತರ 132 ದಿನ ಮಡಚಿಕೊಂಡೇ ಇದ್ದ ಈ ತೋಳು 2024ರ ಜನವರಿ 11ರಂದು ಸುಮಾರು ಒಂಬತ್ತು ಸೆಕೆಂಡುಗಳಲ್ಲಿ ಬಿಚ್ಚಿಕೊಂಡಿತು.

ಇನ್ನು ಕಣಗಳ ವಿಚಾರ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆಸ್ಪೆಕ್ಸ್ ಉಪಕರಣದ ಒಂದು ಭಾಗವಾದ ಸ್ವಿಸ್‌ನಲ್ಲಿ, ಬಾಗಿದ ಎರಡು ಲೋಹದ ಫಲಕಗಳ ನಡುವಿನ ಕಿರಿದಾದ ಓಣಿಯಲ್ಲಿ ಅಯಾನುಗಳು (ವಿದ್ಯುದಾವೇಶವುಳ್ಳ ಪರಮಾಣುಗಳು) ಸಾಗಬೇಕು. ಫಲಕಗಳ ವೋಲ್ಟೇಜಿಗೆ ಹೊಂದುವ ಶಕ್ತಿಯುಳ್ಳ ಅಯಾನು ಮಾತ್ರ ಆ ತಿರುವನ್ನು ದಾಟುತ್ತದೆ. ಹೆಚ್ಚು ಶಕ್ತಿಯದು ಹೊರಗೋಡೆಗೆ ಬಡಿಯುತ್ತದೆ, ಕಡಿಮೆಯದು ಒಳಗೋಡೆಗೆ. ವೋಲ್ಟೇಜನ್ನು ಹಂತಹಂತವಾಗಿ ಬದಲಿಸುತ್ತ ಹೋದರೆ ಯಾವ ಶಕ್ತಿಯ ಕಣಗಳು ಎಷ್ಟಿವೆ ಎಂಬ ಪಟ್ಟಿ ದೊರೆಯುತ್ತದೆ. ಈ ಉಪಾಯ ಕಣಶಕ್ತಿಯ ಅಳತೆಯಲ್ಲಿ 20 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ವರೆಗೆ ಸಾಕು. ಅದಕ್ಕೂ ಬಲವಾದ ಕಣಗಳನ್ನು ಹೀಗೆ ಬಾಗಿಸಲು ವಿಪರೀತ ವೋಲ್ಟೇಜ್ ಬೇಕಾಗುವುದರಿಂದ, ಇನ್ನೊಂದು ಭಾಗವಾದ ಸ್ಟೆಪ್ಸ್ ಅವು ಶೋಧಕದೊಳಗೆ ಬಿಟ್ಟುಹೋಗುವ ಶಕ್ತಿಯನ್ನೇ ನೇರವಾಗಿ ಅಳೆಯುತ್ತದೆ. ಎಲೆಕ್ಟ್ರಾನುಗಳನ್ನು ತಿರುವನಂತಪುರದಲ್ಲಿ ರೂಪುಗೊಂಡ ಪಾಪಾ ಎಂಬ ಉಪಕರಣ ನೋಡಿಕೊಳ್ಳುತ್ತದೆ.

ಇವೆಲ್ಲವೂ ಜೊತೆಗಿರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ವೇಗವಾದ, ದಟ್ಟವಾದ ಸೌರ ಮಾರುತ ಬರುತ್ತಿದೆ ಎಂದು ಕಣಮಾಪಕ ತೋರಿಸಿದರೂ, ಅದರೊಂದಿಗೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದಾಗಲೇ ಅದು ಭೂಮಿಯ ಕ್ಷೇತ್ರದೊಡನೆ ಬೆಸೆದುಕೊಂಡು ದೊಡ್ಡ ಕಾಂತ ಬಿರುಗಾಳಿಯನ್ನು (ಭೂಮಿಯ ಕಾಂತಕ್ಷೇತ್ರದ ತೀವ್ರ ಕಲಕಾಟವನ್ನು) ಎಬ್ಬಿಸುತ್ತದೆ. ಸೆಕೆಂಡಿಗೆ 400 ಕಿ.ಮೀ. ವೇಗದ ಮಾರುತ ಎಲ್1ರಿಂದ ನಮ್ಮನ್ನು ತಲುಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ; ವೇಗ ಅದರ ದುಪ್ಪಟ್ಟಾದರೆ ಅರ್ಧ ಗಂಟೆ ಮಾತ್ರ.