ನಿಮ್ಮ ಕತೆಯ ಅರ್ಜಿ ಎಲ್ಲಿಗೆ ಹೋಯಿತು?

ಆತ್ಮೀಯರೇ,

ನಿಮ್ಮ ಕತೆ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲು ಸಣ್ಣ ತಪ್ಪು. ಕತೆ ನಡೆಯುವುದು 1853ರ ಬಳ್ಳಾರಿಯಲ್ಲಿ. ಅಲ್ಲಿ ಎಸ್‌ಪಿ ಸಾಹೇಬರು ಕುದುರೆ ಮೇಲೆ ಬಂದು ಠಾಣೆ ತಪಾಸಣೆ ಮಾಡುತ್ತಾರೆ. ಬಳ್ಳಾರಿ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಬೇರೆಯಾದ ಪೊಲೀಸ್ ಇಲಾಖೆ ಅಂತ ಆಗಿದ್ದು 1859ರ ಕಾಯ್ದೆಯ ಮೇಲೆ. ಅದಕ್ಕೆ ಮುಂಚೆ ತಾಲ್ಲೂಕಿನ ಪೊಲೀಸ್ ಮುಖ್ಯಸ್ಥ ತಹಸೀಲ್ದಾರನೇ. ಕಂದಾಯ ವಸೂಲಿಯೂ ಅವನದೇ. ಅವನ ಮೇಲಿನ ಕಲೆಕ್ಟರನೇ ಜಿಲ್ಲೆಯ ಮ್ಯಾಜಿಸ್ಟ್ರೇಟ್.

ತಾರೀಖು ತಿದ್ದಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಿಮ್ಮ ಕತೆ ಇರುವುದೇ ಇಲ್ಲಿ. ಕಂದಾಯಕ್ಕಾಗಿ ಹಿಂಸೆ ಅನುಭವಿಸಿದ ನಿಮ್ಮ ರೈತ ಬಿಳಿ ದೊರೆಗೆ ಅರ್ಜಿ ಕೊಡುತ್ತಾನೆ, ದೊರೆಯ ಕಣ್ಣು ಕೆಂಪಾಗುತ್ತದೆ, ಮರುದಿನವೇ ದುಷ್ಟ ಪೇದೆ ಜೈಲಿಗೆ. ಇಷ್ಟು ಸಲೀಸಾ? ಆ ಅರ್ಜಿಯ ಹಿಂದೆ ಸ್ವಲ್ಪ ನಡೆದು ನೋಡಿ. ಅಂಥ ಅರ್ಜಿಗಳು ಎಷ್ಟೋ ಸಲ ‘ವಿಚಾರಿಸಿ ವರದಿ ಮಾಡುವುದು’ ಅಂತ ಅದೇ ತಹಸೀಲ್ದಾರನ ಕಚೇರಿಗೇ ವಾಪಸ್ ಬರುತ್ತಿದ್ದವು. ಹೊಡೆಸಿದವನ ಮೇಜಿನ ಮೇಲೆ ಹೊಡೆಸಿಕೊಂಡವನ ಕಾಗದ! ಅವನು ಕನ್ನಡಕ ಹಾಕಿಕೊಂಡು ಅದನ್ನು ಓದುವ ದೃಶ್ಯ ಬರೆಯಿರಿ. ದೊರೆಯ ಕೆಂಪು ಕಣ್ಣು ತೆಗೆದುಬಿಡಿ.

ಕೊನೆಯಲ್ಲಿ ವಿಚಾರಣಾ ಆಯೋಗ ತಂದಿದ್ದೀರಿ, ಅದು ನಿಜವೇ. ಮದ್ರಾಸ್ ಪ್ರಾಂತ್ಯದ ಈ ಚಿತ್ರಹಿಂಸೆಯ ಬಗ್ಗೆ 1854ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗಲಾಟೆಯಾದ ಮೇಲೆ ಮೂವರ ಆಯೋಗ ನೇಮಿಸಿದರು, 1855ರಲ್ಲಿ ವರದಿ ಬಂತು. 1,900ಕ್ಕೂ ಹೆಚ್ಚು ದೂರು. ಬೆರಳು ಹಿಸುಕುವ ಕಿಟ್ಟಿ ಎಂಬ ಸಾಧನ, ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು, ಕಣ್ಣಿಗೆ ಮೆಣಸಿನಪುಡಿ, ಎಲ್ಲ ಅದರಲ್ಲಿದೆ. ಆದರೆ ತಪ್ಪೆಲ್ಲ ಕೆಳಗಿನ ದೇಶೀ ನೌಕರರ ತಲೆಗೆ ಹೋಯಿತು. ಬಿಳಿಯ ಅಧಿಕಾರಿಗಳು ಬಚಾವ್. ಕಂದಾಯ ಬಾಕಿ ಉಳಿಸಬೇಡ ಅಂತ ಮೇಲಿಂದ ಒತ್ತಿದವರು ಯಾರು? ನೀವೂ ಪಾಪದ ಪೇದೆಯನ್ನೇ ಹಿಡಿದು ಬಿಟ್ಟಿದ್ದೀರಿ, ಆಯೋಗದವರ ಹಾಗೆಯೇ. ಇನ್ನೊಂದು ಮಾತು, ನಿಮ್ಮ ರೈತ ಆಯೋಗದ ಮುಂದೆ ದೂರು ಹೇಳಲು ಒಂದೇ ಸಾಲಿನಲ್ಲಿ ಮದ್ರಾಸ್ ತಲುಪುತ್ತಾನೆ. ಆಗ ಆ ಕಡೆ ರೈಲೇ ಇರಲಿಲ್ಲ ಮಾರಾಯ್ರೇ. ಬುತ್ತಿ ಕಟ್ಟಿಕೊಂಡು ದಿನಗಟ್ಟಲೆ ನಡೆಯಬೇಕು. ಹೋಗದೇ ಉಳಿದವರ ಲೆಕ್ಕ ಯಾರ ಹತ್ತಿರ ಇದೆ?

ಚೆನ್ನಾಗಿರುವುದನ್ನೂ ಹೇಳಬೇಕಲ್ವಾ. ಕಿಟ್ಟಿಗೆ ಸಿಕ್ಕಿದ ಬೆರಳು ಬಾತು ರೊಟ್ಟಿ ಮುರಿಯಲಾಗದೆ ರೈತ ಕೂತಿರುತ್ತಾನೆ. ಹೆಂಡತಿ ಏನೂ ಕೇಳದೆ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಕೊಡುತ್ತಾಳೆ. ಆ ನಾಲ್ಕು ಸಾಲು ಮುಟ್ಟಬೇಡಿ. ಅದರ ಕೆಳಗೆ ‘ಅಯ್ಯೋ ಕ್ರೂರ ಆಳ್ವಿಕೆಯೇ’ ಅಂತ ಸುಮ್ನೆ ಒಂದು ಪ್ಯಾರಾ ಇದೆಯಲ್ಲ, ಅದನ್ನು ಹೊಡೆದುಹಾಕಿ.

ಹದಿನಾಲ್ಕು ಪುಟ ಜಾಸ್ತಿಯಾಯಿತು, ಒಂಬತ್ತಕ್ಕೆ ಇಳಿಸಿ ಕಳಿಸಿ. ಪುಟ ಸಂಖ್ಯೆ ಮರೆಯಬೇಡಿ. ಈ ಸಲ ಏಳನೇ ಪುಟ ಹುಡುಕಿ ಹುಡುಕಿ ಸಾಕಾಯಿತು.

ನಿಮ್ಮ
ಸಂಪಾದಕ